ಬಸವನ ಬಡಾವಣೆಯಲ್ಲಿ ಬುಲ್ ಟೆರಿಯರ್

ಮನೆಗಳಲ್ಲಿ ಗ್ರಾಮಾಫೋನ್ ಇದ್ದ ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಜನರಿಗೆ ಒಂದು ವಿಲಾಯಿತಿ ನಾಯಿಯ ಪರಿಚಯ ಚೆನ್ನಾಗಿಯೇ ಇತ್ತು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯ ಪ್ಲೇಟುಗಳ ಮೇಲೆ, ಕಹಳೆಯಂಥ ಕೊಳವೆಯ ಮುಂದೆ ಕುಳಿತು ತಲೆ ವಾಲಿಸಿ ಆಲಿಸುವ ನಾಯಿ ಅದು. ಹೆಸರು ನಿಪ್ಪರ್. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1884ರಲ್ಲಿ ಹುಟ್ಟಿದ ನಿಪ್ಪರ್ 1895ರಲ್ಲಿ ಸತ್ತಿತು. ಆ ಬಳಿಕ ಅದರ ಚಿತ್ರ ಬರೆದವನು ಫ್ರಾನ್ಸಿಸ್ ಬರಾಡ್ ಎಂಬ ಕಲಾವಿದ. ನಿಪ್ಪರ್ ಬೆರಕೆ ತಳಿಯದು; ಅದರ ಮೈಯಲ್ಲಿ ಬುಲ್ ಟೆರಿಯರ್ ರಕ್ತವೂ ಇತ್ತೆಂದು ಹೇಳುತ್ತಾರೆ.

ಸಂಗೀತ ಕೇಳುವ ಸಾಧು ಪ್ರಾಣಿಯೆಂದು ಹೀಗೆ ಮನೆಮನೆಯನ್ನು ಹೊಕ್ಕ ಬಳಗವೇ ಮುಂದೆ ಸರ್ಕಾರದ ಕಪ್ಪುಪಟ್ಟಿಗೂ ಸೇರಿತು. ಕೇಂದ್ರದ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್ 12ರಂದು ಸುತ್ತೋಲೆಯೊಂದನ್ನು ಹೊರಡಿಸಿ, 23 ಬಗೆಯ ನಾಯಿಗಳ ಮಾರಾಟಕ್ಕೂ ಸಂತಾನಾಭಿವೃದ್ಧಿಗೂ ಪರವಾನಗಿ ಕೊಡಬಾರದೆಂದು ರಾಜ್ಯಗಳಿಗೆ ತಿಳಿಸಿತು. ಈಗಾಗಲೇ ಸಾಕಿರುವ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದಿತು. ಪಿಟ್‌ಬುಲ್ ಟೆರಿಯರ್, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್ ಹೆಸರುಗಳು ಆ ಪಟ್ಟಿಯಲ್ಲಿದ್ದವು. ಬೆಂಗಳೂರಿನ ನಾಯಿಪ್ರಿಯರು ಇದನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿದರು. ಏಪ್ರಿಲ್ 10ರಂದು ನ್ಯಾಯಾಲಯ ಸುತ್ತೋಲೆಯನ್ನು ರದ್ದುಪಡಿಸಿತು.

ಒಂದು ನಾಯಿಯ ಬಳಗದ ಬಗ್ಗೆ ಇಷ್ಟು ಪ್ರೀತಿ ಮತ್ತು ಇಷ್ಟು ಭಯ ಒಟ್ಟಿಗೇ ಹುಟ್ಟಿದ್ದು ಹೇಗೆ? ಅದಕ್ಕೆ ಇಂಗ್ಲೆಂಡಿನ ಹಳೆಯ ಸಂತೆಬಯಲುಗಳಿಗೆ ಹೋಗಬೇಕು.

ಗೂಳಿಯ ಮೂಗಿಗೆ ಹಾರಿದ ನಾಯಿ

ಗೂಳಿಯನ್ನು ಗೂಟಕ್ಕೆ ಕಟ್ಟಿ, ಅದರ ಮೇಲೆ ನಾಯಿಗಳನ್ನು ಛೂ ಬಿಡುವುದು ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ಜನಪ್ರಿಯ ವಿನೋದವಾಗಿತ್ತು. ಗೂಳಿಯ ಮೂಗನ್ನು ಕಚ್ಚಿ ಹಿಡಿದು ಬಿಡದ ನಾಯಿಗೆ ಬೆಲೆ. ಹೀಗೆ ರೂಪುಗೊಂಡ ಗಿಡ್ಡನೆಯ, ಅಗಲ ದವಡೆಯ ನಾಯಿಯೇ ಬುಲ್‌ಡಾಗ್. ನಂದಿಗೆ ಗುಡಿ ಕಟ್ಟಿ, ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಸುವ ಬಸವನಗುಡಿಯವರಿಗೆ ಇದು ಊಹಿಸಲೂ ಕಷ್ಟವಾದ ಆಟ.

1835ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಇಂಥ ಪಂದ್ಯಗಳನ್ನು ನಿಷೇಧಿಸಿತು. ಆದರೆ ಪಂದ್ಯ ಕಟ್ಟುವ ಚಟ ಕಾಯಿದೆಯಿಂದ ಹೋಗಲಿಲ್ಲ. ಬಯಲಲ್ಲಿ ಗೂಳಿಯನ್ನು ಕಟ್ಟಿದರೆ ಪೊಲೀಸರ ಕಣ್ಣಿಗೆ ಬೀಳುತ್ತಿತ್ತು. ನೆಲಮಾಳಿಗೆಯಲ್ಲಿ ಎರಡು ನಾಯಿಗಳನ್ನು ಕಾದಾಡಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಕಾಳಗಕ್ಕೆ ಬುಲ್‌ಡಾಗ್‌ನ ಬಲದ ಜತೆಗೆ ಚುರುಕೂ ಬೇಕಿತ್ತು. ಅದಕ್ಕೆ ಟೆರಿಯರ್ ಒದಗಿತು. ಲ್ಯಾಟಿನ್ನಿನಲ್ಲಿ ‘ಟೆರಾ’ ಎಂದರೆ ಭೂಮಿ. ಬಿಲದೊಳಗೆ ನುಗ್ಗಿ ಇಲಿ, ನರಿಗಳನ್ನು ಹಿಡಿಯುವ ನಾಯಿ ಟೆರಿಯರ್. ಇವೆರಡರ ಬೆರಕೆಯೇ ಇಂದಿನ ಬಲಿಷ್ಠ ಟೆರಿಯರ್‌ಗಳ ಮೂಲ.

ಒಂದು ಬಳಗ, ಹಲವು ಹೆಸರು

1860ರ ದಶಕದಲ್ಲಿ ಬರ್ಮಿಂಗ್‌ಹ್ಯಾಂನ ನಾಯಿ ವ್ಯಾಪಾರಿ ಜೇಮ್ಸ್ ಹಿಂಕ್ಸ್ ಈ ಬೆರಕೆಯಿಂದ ಅಚ್ಚ ಬಿಳಿಯ ನಾಯಿಗಳನ್ನು ಪಡೆದು ಪ್ರದರ್ಶನಗಳಿಗೆ ತಂದ. ಅದು ಬುಲ್ ಟೆರಿಯರ್. ಮೊಟ್ಟೆಯಾಕಾರದ ಉದ್ದ ಮುಖ ಅದರ ಇಂದಿನ ಗುರುತು. ಗಣಿ, ಕಾರ್ಖಾನೆಗಳ ಕಾರ್ಮಿಕರ ಮನೆಗಳಲ್ಲಿ ಉಳಿದ ಗಿಡ್ಡ ನಾಯಿಗೆ 1935ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್ ಎಂಬ ಹೆಸರಿನಲ್ಲಿ ಮಾನ್ಯತೆ ನೀಡಿತು. ವಲಸಿಗರ ಜತೆ ಅಮೆರಿಕಕ್ಕೆ ಹೋದ ನಾಯಿಗಳು ಅಲ್ಲಿ ಇನ್ನಷ್ಟು ಎತ್ತರ ಬೆಳೆದವು. ಒಂದು ಸಂಸ್ಥೆ 1898ರಲ್ಲಿ ಅವನ್ನು ಪಿಟ್‌ಬುಲ್ ಟೆರಿಯರ್ ಎಂದು ದಾಖಲಿಸಿಕೊಂಡರೆ, ಇನ್ನೊಂದು ಸಂಸ್ಥೆ 1936ರಲ್ಲಿ ಸ್ಟಾಫರ್ಡ್‌ಶೈರ್ ಟೆರಿಯರ್ ಎಂದಿತು. ಅದಕ್ಕೆ ‘ಅಮೆರಿಕನ್’ ಎಂಬ ವಿಶೇಷಣ ಸೇರಿದ್ದು 1972ರಲ್ಲಿ.

ಹೀಗಾಗಿ ತಳಿಗಳ ನಡುವಿನ ಗೆರೆ ಬಹಳ ತೆಳು. ಬ್ರಿಟನ್ 1991ರ ಅಪಾಯಕಾರಿ ನಾಯಿಗಳ ಕಾಯಿದೆಯಲ್ಲಿ ಪಿಟ್‌ಬುಲ್ಲನ್ನು ನಿಷೇಧಿಸಿತು. ಅದರ ಒಡಹುಟ್ಟಿದಂತಿರುವ ಸ್ಟಾಫರ್ಡ್‌ಶೈರ್ ಬುಲ್ ಟೆರಿಯರನ್ನು ಬಿಟ್ಟಿತು. ನಿಷೇಧದ ಮೂರು ದಶಕಗಳ ನಂತರ, 2023ರ ಕೊನೆಯಲ್ಲಿ, ಎಕ್ಸ್‌ಎಲ್ ಬುಲ್ಲಿ ಎಂಬ ಮತ್ತೊಂದು ಬಗೆಯನ್ನು ಅದೇ ಪಟ್ಟಿಗೆ ಸೇರಿಸಬೇಕಾಯಿತು.

ದವಡೆಗೆ ಬೀಗವಿಲ್ಲ

ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್‌ನ ಎತ್ತರ ಸುಮಾರು 36ರಿಂದ 41 ಸೆಂಟಿಮೀಟರ್. ತೂಕ 11ರಿಂದ 17 ಕಿಲೋ. ಗಾತ್ರ ನೋಡಿದರೆ ನಮ್ಮ ಬೀದಿನಾಯಿಗಿಂತ ದೊಡ್ಡದೇನಲ್ಲ. ಆದರೆ ಅಗಲವಾದ ಎದೆ, ಗಟ್ಟಿ ಕತ್ತು, ಉಬ್ಬಿದ ಕೆನ್ನೆಯ ಸ್ನಾಯುಗಳಿಂದ ಅದರ ಬಲ ಗಾತ್ರವನ್ನು ಮೀರಿದ್ದು. ಈ ನಾಯಿಗಳು ಕಚ್ಚಿದರೆ ದವಡೆ ಬೀಗದಂತೆ ಬಿದ್ದುಬಿಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅಂಥ ಬೀಗ ಯಾವ ನಾಯಿಯ ದವಡೆಯಲ್ಲೂ ಇಲ್ಲ. ಇರುವುದು ಬಲ ಮತ್ತು ಪಟ್ಟುಬಿಡದ ಹಟ. ಅಪಾಯಕ್ಕೆ ಅಷ್ಟೇ ಸಾಕು. ಸಣ್ಣ ನಾಯಿ ಕಚ್ಚಿದರೆ ಗೀರು ಬೀಳುವ ಕಡೆ, ಇದು ಕಚ್ಚಿದರೆ ಮಾಂಸವೇ ಹರಿಯಬಹುದು.

ಸ್ವಭಾವದ ಮಾತೇ ಬೇರೆ. ಮನೆಯವರೊಂದಿಗೆ ಇವು ಅತಿ ಸಲಿಗೆಯ ನಾಯಿಗಳು, ಒಂಟಿತನವನ್ನು ಸಹಿಸವು. ಆದರೆ ಬೇರೆ ನಾಯಿ, ಬೆಕ್ಕುಗಳನ್ನು ಕಂಡರೆ ಕೆರಳುವ ಗುಣ ಹಲವಲ್ಲಿ ಉಳಿದಿದೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಆಧರಿಸಿದ ಅಧ್ಯಯನವೊಂದು, ನಾಯಿಯಿಂದ ನಾಯಿಗೆ ಕಾಣುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಶೇ 9ರಷ್ಟು ಮಾತ್ರ ಎಂದು ಕಂಡುಕೊಂಡಿತು. ಮಿಕ್ಕದ್ದನ್ನು ತೀರ್ಮಾನಿಸುವ ಸಂಗತಿಗಳಲ್ಲಿ ಸಾಕಣೆಯೂ ಒಂದು.

ಸಾಕುವವರು ತಿಳಿಯಬೇಕಾದ್ದು

ಮರಿಗೆ ಮೂರು ವಾರದಿಂದ ಮೂರು ತಿಂಗಳವರೆಗಿನ ಅವಧಿ ನಿರ್ಣಾಯಕ. ಹೊಸ ಮುಖ, ಮಕ್ಕಳ ಗಲಾಟೆ, ಆಟೋ ಸದ್ದು, ಬೇರೆ ನಾಯಿಗಳು ಎಲ್ಲವನ್ನೂ ಆಗಲೇ ಹೆದರಿಕೆಯಿಲ್ಲದೆ ಪರಿಚಯ ಮಾಡಿಸಬೇಕು. ಹೊಡೆದು ಕಲಿಸಿದ ನಾಯಿ ಹೆದರುತ್ತದೆ. ಹೆದರಿದ ನಾಯಿಯೇ ಕಚ್ಚುವುದು ಹೆಚ್ಚು. ತಿಂಡಿ ಕೊಟ್ಟು, ಮೆಚ್ಚುಗೆಯ ಮಾತಾಡಿ ಕಲಿಸಿದರೆ ಈ ನಾಯಿಗಳು ಬೇಗ ಕಲಿಯುತ್ತವೆ.

ದಿನಕ್ಕೆ ಎರಡು ಬಾರಿ ಚೆನ್ನಾಗಿ ನಡೆಸಬೇಕು. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ, ಸಂಜೆ ನೆಲ ತಣಿದ ಮೇಲೆ ಹೊರಡುವುದು ಒಳ್ಳೆಯದು; ಕಾದ ಡಾಂಬರು ಪಾದ ಸುಡುತ್ತದೆ. ಬಿಳಿ ನಾಯಿಯ ಮೂಗು, ಕಿವಿಗಳ ಚರ್ಮಕ್ಕೆ ಬಿಸಿಲು ತಾಗುವುದೂ ಉಂಟು. ಬಿಳಿ ಬುಲ್ ಟೆರಿಯರ್‌ಗಳಲ್ಲಿ ಹುಟ್ಟು ಕಿವುಡು ಹೆಚ್ಚಾದ್ದರಿಂದ ಮರಿ ಕೊಳ್ಳುವ ಮೊದಲೇ ಪರೀಕ್ಷಿಸಬೇಕು. ಗಿಡ್ಡ ಕೂದಲಿಗೆ ವಾರಕ್ಕೊಮ್ಮೆ ಬ್ರಷ್ ಮಾಡಿದರೆ ಸಾಕು, ಆದರೆ ಚರ್ಮದ ಅಲರ್ಜಿಯ ಕಡೆ ಕಣ್ಣಿರಲಿ. ಉಣ್ಣಿಯಿಂದ ಬರುವ ಜ್ವರ ಪ್ರಾಣಕ್ಕೇ ಎರವಾಗಬಲ್ಲದು. ಬರಿಯ ಅನ್ನ ಮೊಸರಿನಿಂದ ಇಂಥ ಮೈಕಟ್ಟು ನಿಲ್ಲದು; ಮೊಟ್ಟೆ, ಮಾಂಸ ಅಥವಾ ಪಶುವೈದ್ಯರು ಹೇಳಿದ ಆಹಾರ ಬೇಕು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಕೂಡದು. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ನಂತರ ಪಶುವೈದ್ಯರು ಹೇಳಿದ ಅವಧಿಗೆ ಮತ್ತೆ ಲಸಿಕೆ ತಪ್ಪಿಸಬಾರದು.

ಆತಕೂರಿನ ಕಾಳಿ

ಕಾದಾಡುವ ನಾಯಿ ಕನ್ನಡನಾಡಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಹತ್ತನೆಯ ಶತಮಾನದ ಶಾಸನವೇ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ, ಬೇಕಾದ್ದನ್ನು ಕೇಳೆಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ದೊಡ್ಡ ಹಂದಿಯೊಂದಿಗೆ ಸೆಣಸಿ, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಒಡೆಯ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ನಾಯಿಯನ್ನು ಹೋರಾಟಕ್ಕೆ ಬಿಟ್ಟವನು ಅದರ ಋಣವನ್ನೂ ಹೊತ್ತನೆಂಬುದು ಇಲ್ಲಿ ಗಮನಿಸಬೇಕಾದ ಮಾತು.

ಹೊಣೆ ಯಾರದು?

ಹೈಕೋರ್ಟಿನ ತೀರ್ಪೂ ನಾಯಿ ಸಾಕುವವರಿಗೆ ಸಿಕ್ಕ ಪೂರ್ಣ ವಿನಾಯಿತಿಯಲ್ಲ. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಸುತ್ತೋಲೆ ಹೊರಡಿಸಿದ್ದು ಸರಿಯಲ್ಲವೆಂದ ನ್ಯಾಯಾಲಯ, ಸಾಕಿದವರ ಜವಾಬ್ದಾರಿಯನ್ನೂ ನೆನಪಿಸಿತು. ಸಾಕುಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಒಡೆಯನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, ಐದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ನಾಯಿ ಕಾಳಗ ನಡೆಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಅಪರಾಧ.

ಕಾಂಪೌಂಡು, ಹಿತ್ತಿಲು ಇದ್ದ ಹಳೆಯ ಮನೆಗಳು ಹೋಗಿ ಈ ಬಡಾವಣೆಗಳಲ್ಲಿ ಫ್ಲಾಟುಗಳು ಎದ್ದಿವೆ. ಲಿಫ್ಟಿನಲ್ಲಿ, ಕಿರಿದಾದ ಕ್ರಾಸ್ ರಸ್ತೆಯಲ್ಲಿ, ಪಾರ್ಕಿನ ಬಾಗಿಲಲ್ಲಿ ಬಲಿಷ್ಠ ನಾಯಿಯೂ ಪಕ್ಕದ ಮನೆಯ ಮಗುವೂ ದಿನವೂ ಎದುರಾಗುತ್ತಾರೆ. ಅಲ್ಲಿ ಮಗುವನ್ನು ಕಾಯುವುದು ಗಟ್ಟಿಯಾದ ಪಟ್ಟಿ, ಅಗತ್ಯ ಬಿದ್ದರೆ ಬಾಯಿಕುಕ್ಕೆ, ಮತ್ತು ಪಟ್ಟಿ ಹಿಡಿದವರ ಎಚ್ಚರ. ಠೀವಿಗಾಗಿ ಮರಿ ತಂದು, ದಿನವಿಡೀ ತಾರಸಿಯಲ್ಲಿ ಸರಪಳಿ ಬಿಗಿಯುವವರಿಗೆ ಈ ತಳಿ ತಕ್ಕದ್ದಲ್ಲ. ದಿನಕ್ಕೆರಡು ಗಂಟೆ ಬಿಡುವು, ಹತ್ತು ಹನ್ನೆರಡು ವರ್ಷದ ತಾಳ್ಮೆ ಇದ್ದವರು ಮಾತ್ರ ಮರಿಯನ್ನು ಮನೆಗೆ ತರಲಿ.