ಕಾರಿನ ಬ್ಲೋವರ್ ಕೈಕೊಟ್ಟಿದ್ಯಾ? ಮೋಟಾರ್ ಬದಲಿಸೋ ಮುಂಚೆ ಇಷ್ಟು ನೋಡಿ

ಚಿಕ್ಕಮಗಳೂರು: ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟ್ ಇಳಿಯೋರಿಗೆ ಇದು ಹೊಸದಲ್ಲ. ಹೊರಗೆ ಮಂಜು, ಕಾರಿನೊಳಗೆ ನಾಲ್ಕು ಜನರ ಉಸಿರು, ಒದ್ದೆ ಬಟ್ಟೆ. ನೋಡ್ತಾ ನೋಡ್ತಾ ಮುಂದಿನ ಗಾಜು ಬೆಳ್ಳಗಾಗುತ್ತದೆ. ಆಗ ಕೈ ಹೋಗೋದು ಬ್ಲೋವರ್ ಸ್ವಿಚ್ಚಿಗೆ. ಅದು ತಿರುಗದಿದ್ರೆ ಎದುರಿಗೆ ಬರೋ ಬಸ್ಸೂ ಕಾಣಲ್ಲ, ತಿರುವೂ ಕಾಣಲ್ಲ.

ಹೀಟರ್‌ಗೂ ಎಸಿಗೂ ಇರೋದು ಒಂದೇ ಫ್ಯಾನ್. ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಹೀಟರ್‌ಗೆ ಬಿಸಿ ಬರೋದು ಇಂಜಿನ್ನಿನ ಕೂಲೆಂಟ್‌ನಿಂದ. ಆ ಬಿಸಿಯನ್ನು ಗಾಜಿನವರೆಗೆ ತಳ್ಳೋ ಕೆಲಸ ಮಾತ್ರ ಬ್ಲೋವರ್‌ದು. ಹಾಗಾಗಿ ಹೀಟರ್ ಹೋಯ್ತು ಅಂತ ಗ್ಯಾರೇಜಿಗೆ ಓಡೋ ಮುಂಚೆ ಎಸಿ ಹಾಕಿ ನೋಡಿ. ಅದರಲ್ಲೂ ಗಾಳಿ ಬರದಿದ್ರೆ ತೊಂದರೆ ಇರೋದು ಬ್ಲೋವರ್ ಲೈನಿನಲ್ಲಿ.

ಸ್ವಿಚ್ ತಿರುಗಿಸಿ, ಉತ್ತರ ಅಲ್ಲೇ ಇದೆ

ಇಗ್ನಿಷನ್ ಆನ್ ಮಾಡಿ ಸ್ವಿಚ್ಚನ್ನು 1ರಿಂದ 4ರವರೆಗೆ ಒಂದೊಂದಾಗಿ ತಿರುಗಿಸಿ. 1, 2, 3ರಲ್ಲಿ ಸತ್ತಂತಿದ್ದು 4ರಲ್ಲಿ ಮಾತ್ರ ಜೋರಾಗಿ ಗಾಳಿ ಬಂದ್ರೆ ಮೋಟಾರ್ ಸರಿಯಾಗಿದೆ ಅಂತಲೇ ಅರ್ಥ. ಸುಟ್ಟಿರೋದು ಬಹುತೇಕ ರೆಸಿಸ್ಟರ್. ಕಡಿಮೆ ಸ್ಪೀಡಿನಲ್ಲಿ ಕರೆಂಟ್ ಈ ರೆಸಿಸ್ಟರ್ ಮೂಲಕ ಹೋಗುತ್ತದೆ, ಕೊನೆಯ ಸ್ಪೀಡಿನಲ್ಲಿ ಅದನ್ನು ಬಿಟ್ಟು ನೇರವಾಗಿ ಮೋಟಾರ್‌ಗೆ ಹೋಗುತ್ತದೆ. ಅಷ್ಟೇ ಗುಟ್ಟು.

ಈ ಗುಟ್ಟು ಗೊತ್ತಿಲ್ಲದೆ ನಮ್ಮನೆಯ ಹಳೇ ಕಾರಿಗೆ ಹೊಸ ಮೋಟಾರ್ ಹಾಕಿಸಿದ್ವಿ. ದುಡ್ಡು ಕೊಟ್ಟು ಮನೆಗೆ ಬಂದು ನೋಡಿದ್ರೆ ಮತ್ತೆ 4ರಲ್ಲಿ ಮಾತ್ರ ಗಾಳಿ! ಕೊನೆಗೆ ಬೇರೊಬ್ಬ ಆಟೋ ಎಲೆಕ್ಟ್ರಿಷಿಯನ್ ಅಂಗೈಗಿಂತ ಚಿಕ್ಕದಾದ ರೆಸಿಸ್ಟರ್ ಬದಲಿಸಿ ಸರಿ ಮಾಡಿದ್ರು. ಎರಡು ಸ್ಕ್ರೂ, ಒಂದು ಕಪ್ಲರ್. ಹತ್ತು ನಿಮಿಷವೂ ಹಿಡಿಯಲಿಲ್ಲ.

ಹೆಚ್ಚಿನ ಕಾರುಗಳಲ್ಲಿ ಇದು ಎಡಗಡೆ ಗ್ಲೋವ್ ಬಾಕ್ಸ್ ಹಿಂದೆ, ಬ್ಲೋವರ್ ಪಕ್ಕದಲ್ಲೇ ಇರುತ್ತದೆ. ಈಗಷ್ಟೇ ಬ್ಲೋವರ್ ಓಡಿಸಿದ್ರೆ ಮುಟ್ಟಬೇಡಿ, ಕೈ ಸುಡುತ್ತೆ. ಕಪ್ಲರ್ ಕರಗಿದ್ರೆ ಅದನ್ನೂ ಬದಲಿಸಲೇಬೇಕು, ಇಲ್ಲಾಂದ್ರೆ ಹೊಸ ರೆಸಿಸ್ಟರ್ ಹಾಕಿದ್ರೂ ಮತ್ತೆ ಬಿಸಿಯಾಗುತ್ತೆ. ಇನ್ನೊಂದು ಮಾತು: ರೆಸಿಸ್ಟರ್ ತಣ್ಣಗಾಗೋದು ಬ್ಲೋವರ್ ಗಾಳಿಯಿಂದಲೇ. ಕ್ಯಾಬಿನ್ ಫಿಲ್ಟರ್ ಧೂಳು ಕಟ್ಟಿಕೊಂಡಿದ್ರೆ ಅಥವಾ ಮೋಟಾರ್ ಬಿಗಿಯಾಗಿ ತಿರುಗ್ತಿದ್ರೆ ಹೊಸದೂ ಸುಡುತ್ತದೆ.

ಆಟೋಮ್ಯಾಟಿಕ್ ಎಸಿ ಇರೋ ಕಾರುಗಳಿಗೆ ಈ ಲೆಕ್ಕ ನಡೆಯಲ್ಲ. ಅದರಲ್ಲಿ ಸ್ಪೀಡ್ ನೋಡಿಕೊಳ್ಳೋದು ಎಲೆಕ್ಟ್ರಾನಿಕ್ ಮಾಡ್ಯೂಲ್. ಅದನ್ನು ಗೊತ್ತಿರೋರಿಗೇ ಬಿಡಿ.

ಯಾವ ಸ್ಪೀಡಿನಲ್ಲೂ ಇಲ್ವಾ?

ಮೊದಲು ಫ್ಯೂಸ್. ಬಾಕ್ಸಿನ ಮುಚ್ಚಳದ ಮೇಲೆ ಅಥವಾ ಕಾರಿನ ಪುಸ್ತಕದಲ್ಲಿ ಯಾವುದು ಬ್ಲೋವರ್‌ದು ಅಂತ ಇರುತ್ತೆ. ಸುಟ್ಟಿದ್ರೆ ಅದೇ ಆಂಪಿಯರಿನದ್ದನ್ನೇ ಹಾಕಿ. 20 ಆಂಪಿಯರಿನ ಹಳದಿ ಫ್ಯೂಸ್ ಜಾಗಕ್ಕೆ 30ರ ಹಸಿರು ಹಾಕೋದು, ಸಿಗರೇಟ್ ಪ್ಯಾಕಿನ ಹಾಳೆ ಸುತ್ತೋದು, ತಂತಿ ಕಟ್ಟೋದು ಬೇಡವೇ ಬೇಡ. ಆಗ ಫ್ಯೂಸ್ ಬದಲು ವೈರೇ ಸುಡುತ್ತದೆ, ಅದೂ ಡ್ಯಾಶ್‌ಬೋರ್ಡ್ ಒಳಗೆ. ಹೊಸ ಫ್ಯೂಸೂ ಕೂಡಲೇ ಹೋದ್ರೆ ವೈರ್ ಶಾರ್ಟ್ ಆಗಿರಬೇಕು, ಇಲ್ಲವೇ ಮೋಟಾರ್ ಹಿಡಿದುಕೊಂಡಿರಬೇಕು.

ಫ್ಯೂಸ್ ಸರಿ ಇದ್ರೆ ರಿಲೇ ನೋಡಿ. ಪಕ್ಕದಲ್ಲಿ ಅದೇ ನಂಬರಿನ ರಿಲೇ ಇದ್ರೆ ಅದಲು ಬದಲು ಮಾಡಿದ್ರೆ ಸಾಕು, ಗೊತ್ತಾಗುತ್ತೆ. ಆಮೇಲೆ ಗ್ಲೋವ್ ಬಾಕ್ಸ್ ಕೆಳಗೆ ಮೋಟಾರ್ ಇರೋ ಜಾಗಕ್ಕೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ತಿರುಗಿ ಮತ್ತೆ ನಿಂತ್ರೆ ಒಳಗಿನ ಕಾರ್ಬನ್ ಸವೆದಿದೆ, ಮೋಟಾರಿನ ಆಯಸ್ಸು ಮುಗೀತಾ ಬಂದಿದೆ. ಖಚಿತ ಆಗಬೇಕಂದ್ರೆ ಸ್ವಿಚ್ಚನ್ನು 4ರಲ್ಲಿಟ್ಟು ಮೋಟಾರ್ ಕಪ್ಲರಿನಲ್ಲಿ ಮೀಟರ್ ಹಿಡಿಯಬೇಕು. 12 ವೋಲ್ಟ್ ಬರ್ತಿದ್ದೂ ತಿರುಗದಿದ್ರೆ ಮೋಟಾರ್ ಹೋಗಿದೆ. ಬರ್ತಿಲ್ಲ ಅಂದ್ರೆ ಸ್ವಿಚ್, ವೈರ್, ಅರ್ಥಿಂಗ್ ಕಡೆ ಹುಡುಕಬೇಕು. ಮೋಟಾರ್ ಬದಲಿಸಿ ಅನ್ನೋ ಮೆಕ್ಯಾನಿಕ್‌ಗೆ "ಕಪ್ಲರಿಗೆ ಕರೆಂಟ್ ಬರ್ತಿದ್ಯಾ ಅಣ್ಣ?" ಅಂತ ಒಂದು ಮಾತು ಕೇಳಿ. ನೋಡದೇ ಹೇಳ್ತಿದ್ರೆ ಅಲ್ಲೇ ಗೊತ್ತಾಗುತ್ತೆ.

ತೋಟದಲ್ಲಿ, ಸಿಲ್ವರ್ ಮರದ ಕೆಳಗೆ ಕಾರು ನಿಲ್ಲಿಸೋರಿಗೆ ಬೇರೆಯದೇ ಕಾಟ. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ತುಂಬಿ ನೀರು ಹೋಗೋ ತೂತು ಮುಚ್ಚಿದ್ರೆ ನೀರು ಬ್ಲೋವರ್‌ಗೇ ಇಳಿಯಬಹುದು. ಇಲಿ ಒಳಗೆ ಹೊಕ್ಕು ಗೂಡು ಕಟ್ಟೋದೂ ಉಂಟು. ಗರಗರ ಸದ್ದು, ಕೆಟ್ಟ ವಾಸನೆ ಬಂದ್ರೆ ಮೊದಲು ಫಿಲ್ಟರ್ ತೆಗೆದು ನೋಡಿ.

ದಾರಿ ಮಧ್ಯೆ ಕೈಕೊಟ್ರೆ ಹೊರಗಿನ ಗಾಳಿ ಬರೋ ಹಾಗೆ ಗುಂಡಿ ಬದಲಿಸಿ, ಗಾಳಿಯ ದಿಕ್ಕನ್ನು ಗಾಜಿಗೆ ಇಡಿ. ಕಾರು ಓಡುವಾಗ ಸ್ವಲ್ಪ ಗಾಳಿ ತಾನಾಗಿ ಬರುತ್ತೆ. ಎರಡೂ ಕಡೆ ಕಿಟಕಿ ಎರಡು ಬೆರಳು ಇಳಿಸಿ. ಕೈಯಲ್ಲಿ ಒರೆಸಿದ್ರೆ ಜಿಡ್ಡು ಹತ್ತಿ ಇನ್ನೂ ಮಸುಕಾಗುತ್ತೆ, ಒಣ ಹತ್ತಿ ಬಟ್ಟೆ ಇಟ್ಟುಕೊಂಡಿರಿ. ಆದ್ರೂ ಕಾಣದಿದ್ರೆ ತಿರುವಿನಲ್ಲಿ ನಿಲ್ಲಬೇಡಿ. ಅಗಲ ಇರೋ ಜಾಗಕ್ಕೆ ನಿಧಾನವಾಗಿ ತಂದು, ಪಾರ್ಕಿಂಗ್ ಇಂಡಿಕೇಟರ್ ಹಾಕಿ, ಗಾಜು ತಿಳಿಯಾದ ಮೇಲೆ ಹೊರಡಿ.