ಹಿಟ್ಟಿನ ಹುಂಜ ಮತ್ತು ಅಂಧ ವ್ಯಾಪಾರಿಯ ಅಂಗಡಿ

ಕಳೆದ ದಶಲಕ್ಷಣ ಪರ್ವದ ಸಂದರ್ಭದಲ್ಲಿ ನಮ್ಮೂರ ಬಸದಿಯ ಪಾಠಶಾಲೆಯಲ್ಲಿ ಸೇರಿದ ಪಾಲಕರ ಸಭೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಮಕ್ಕಳು ಗಣಕಯಂತ್ರದ ಆಟಗಳಲ್ಲಿ ರಾಕ್ಷಸರನ್ನೂ ಮೃಗಗಳನ್ನೂ ಕೊಲ್ಲುತ್ತಾರೆ. ಆದರೆ ಸಾಯುವ ಜೀವ ಅಲ್ಲಿ ಒಂದೂ ಇಲ್ಲ. ಹಾಗಿದ್ದ ಮೇಲೆ ಅದು ಹಿಂಸೆಯೇ? ಆಟವು ಆಟವಷ್ಟೇ ಎಂದು ಕೆಲವರು ಹೇಳಿದರು. ಎಲ್ಲವನ್ನೂ ನಿಷೇಧಿಸುವ ಠರಾವು ಆಗಬೇಕೆಂದು ಮತ್ತೆ ಕೆಲವರು ಹಟ ಹಿಡಿದರು. ಎರಡೂ ಉತ್ತರಗಳು ಅವಸರದವೆಂದು ನನಗೆ ತೋರಿತು. ಏಕೆಂದರೆ ಈ ಪ್ರಶ್ನೆಯನ್ನು ನಮ್ಮ ಕವಿಯೊಬ್ಬನು ಎಂಟು ಶತಮಾನಗಳ ಹಿಂದೆಯೇ ಕೈಗೆತ್ತಿಕೊಂಡಿದ್ದಾನೆ.

ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನನು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಪರಿಚಿತ. ಇದೇ ಕಥೆಯನ್ನು ಸೋಮದೇವ ಸೂರಿಗಳು 959ರಲ್ಲಿ 'ಯಶಸ್ತಿಲಕ'ದಲ್ಲಿ ಸಂಸ್ಕೃತದಲ್ಲಿ ಹೇಳಿದ್ದರು. ದುಃಸ್ವಪ್ನದ ಶಾಂತಿಗಾಗಿ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಯಶೋಧರನನ್ನು ಒತ್ತಾಯಿಸುತ್ತಾಳೆ. ಜೀವವಧೆಗೆ ಅವನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಹುಂಜವನ್ನು ಬಲಿ ಕೊಡುವುದೆಂದು ರಾಜಿಯಾಗುತ್ತದೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಹುಂಜ ಕೂಗಿತು! ಅಲ್ಲಿ ಪ್ರಾಣವಿರಲಿಲ್ಲ, ರಕ್ತವಿರಲಿಲ್ಲ, ಇದ್ದದ್ದು ಸಂಕಲ್ಪವೊಂದೇ. ಅಷ್ಟಕ್ಕೇ ತಾಯಿಮಗ ಇಬ್ಬರೂ ನವಿಲು, ನಾಯಿ ಮೊದಲಾದ ತಿರ್ಯಂಚ ಜನ್ಮಗಳಲ್ಲಿ ತೊಳಲಿ, ಕಡೆಗೆ ಕೋಳಿಗಳಾಗಿಯೂ ಹುಟ್ಟಿ ಸಾಯಬೇಕಾಯಿತು.

ಇನ್ನು ಆಟಗಳ ಇತಿಹಾಸಕ್ಕೆ ಬರೋಣ. ಸಪ್ತವ್ಯಸನಗಳಲ್ಲಿ ದ್ಯೂತವೇ ಮೊದಲನೆಯದು. ಆದರೂ ಪಣವಿಲ್ಲದ ಆಟವನ್ನು ಧರ್ಮಬೋಧೆಗೆ ಬಳಸಿದ ಪರಂಪರೆಯೂ ನಮ್ಮಲ್ಲಿದೆ. ರಾಜಸ್ಥಾನ, ಗುಜರಾತುಗಳ ಜೈನರು ಬಟ್ಟೆಯ ಮೇಲೂ ಕಾಗದದ ಮೇಲೂ ಬರೆಯಿಸಿಕೊಳ್ಳುತ್ತಿದ್ದ 84 ಮನೆಗಳ ಜ್ಞಾನಚೌಪಡದಲ್ಲಿ ದುರ್ಗುಣಗಳಿಂದ ಹಾವುಗಳು ಇಳಿಯುತ್ತವೆ, ಸದ್ಗುಣಗಳಿಂದ ಏಣಿಗಳು ಏರುತ್ತವೆ, ತುದಿಯಲ್ಲಿ ಸಿದ್ಧಶಿಲೆ ಇರುತ್ತದೆ. ಇಂಥ ಭಾರತೀಯ ಹಾಸುಗಳೇ 19ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಮಕ್ಕಳ ಹಾವು-ಏಣಿ ಆಟವಾದವು. ನನಗೆ ಈ ಆಟದ ಮೇಲೆ ಗೌರವವಿದೆ. ಆದರೆ ಒಂದು ಆಕ್ಷೇಪವೂ ಇದೆ. ಇದರಲ್ಲಿ ಆಡುವವನಿಗೆ ಆಯ್ಕೆಯೇ ಇಲ್ಲ. ಕವಡೆ ಬಿದ್ದಂತೆ ಕಾಯಿ ನಡೆಯುತ್ತದೆ. ಪುರುಷಾರ್ಥವನ್ನು ಎತ್ತಿಹಿಡಿಯುವ ಧರ್ಮದ ಆಟವು ನಿಯತಿವಾದಿಗಳ ಆಟವಾಗಿ ಪರಿಣಮಿಸಿದ್ದು ವಿಚಿತ್ರವಲ್ಲವೇ?

ಆಯ್ಕೆಯನ್ನು ಆಟಗಾರನ ಕೈಗೆ ಕೊಟ್ಟ ಬಗೆಯೊಂದು ಅಮೆರಿಕದಲ್ಲಿ ಹುಟ್ಟಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದಲ್ಲಿ ಕೆಲವರು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಕಲ್ಪಿತ ಪಾತ್ರವನ್ನು ಧರಿಸಿ, ತಿಂಗಳುಗಟ್ಟಲೆ ನಡೆಯುವ ಒಂದು ಸಾಹಸಯಾತ್ರೆಯನ್ನು ಬಾಯಿಮಾತಿನಲ್ಲಿಯೇ ಕಟ್ಟುತ್ತಾರೆ. ಪಾತ್ರವು ನಿಯಮದ ಪಕ್ಷವೋ, ತಟಸ್ಥವೋ, ಅರಾಜಕತೆಯ ಪಕ್ಷವೋ ಎಂಬುದನ್ನು ಮೊದಲೇ ಬರೆದುಕೊಳ್ಳಬೇಕು. ಆದರೆ ಪ್ರಗತಿಯ ಲೆಕ್ಕ ಹೇಗೆಂದರೆ, ಕೊಂದ ಪ್ರಾಣಿಗಳಿಗೆ ಅಂಕ, ತಂದ ಚಿನ್ನಕ್ಕೆ ಅಂಕ. ಹಿಂಸೆ ಮತ್ತು ಪರಿಗ್ರಹಗಳೆರಡೂ ಜಮೆಯ ಕಡೆಯಲ್ಲಿಯೇ ಬಿದ್ದವೆಂದಾಯಿತು.

ಈ ಲೆಕ್ಕವನ್ನು ತಿದ್ದಲು ಹೊರಟವನು ರಿಚರ್ಡ್ ಗ್ಯಾರಿಯಟ್ ಎಂಬ ಟೆಕ್ಸಾಸಿನ ಯುವಕ. ಅವನು ಇದೇ ಬಗೆಯ ಆಟಗಳನ್ನು ಗಣಕಯಂತ್ರಕ್ಕೆ ಅಳವಡಿಸಿ 'ಅಲ್ಟಿಮಾ' ಎಂಬ ಮಾಲೆಯನ್ನು ರಚಿಸುತ್ತಿದ್ದನು. 1983ರ ಮೂರನೆಯ ಆಟದ ಹೊದಿಕೆಯ ಮೇಲೆ ಪಿಶಾಚಿಯ ಚಿತ್ರವಿದ್ದುದಕ್ಕೆ ತಂದೆತಾಯಂದಿರಿಂದ ಕಟುವಾದ ಪತ್ರಗಳು ಬಂದವು. ಇದಲ್ಲದೆ, ಆಟಗಾರರು ಗೆಲುವಿಗಾಗಿ ಅಂಗಡಿಗಳನ್ನು ಕದಿಯುತ್ತಿದ್ದುದನ್ನೂ, ಊರಿನ ನಿರಪರಾಧಿಗಳನ್ನು ಕೊಲ್ಲುತ್ತಿದ್ದುದನ್ನೂ ಅವನು ಗಮನಿಸಿದನು. 1985ರ ನಾಲ್ಕನೆಯ ಆಟ ಇದಕ್ಕೆ ಅವನ ಉತ್ತರ. ಅದರಲ್ಲಿ ಕಡೆಗೆ ಕೊಲ್ಲಬೇಕಾದ ಖಳನೇ ಇಲ್ಲ. ಎಂಟು ಗುಣಗಳನ್ನು ಸಾಧಿಸಿ 'ಅವತಾರ' ಪದವಿಯನ್ನು ಪಡೆಯುವುದೇ ಗುರಿ.

ಈ ಪದವನ್ನು ಅವನು ಹಿಂದೂ ಧರ್ಮವನ್ನು ಕುರಿತ ದೂರದರ್ಶನ ಕಾರ್ಯಕ್ರಮವೊಂದರಿಂದ ಪಡೆದನಂತೆ. ಜೀವದ ಸಂಕೇತವಾದ ಶಿಲುಬೆಯಂಥ ಚಿಹ್ನೆಯೊಂದನ್ನು ಪ್ರಾಚೀನ ಈಜಿಪ್ಟಿನಿಂದ ಎರವಲು ತಂದನು. ಆದರೆ ಅವತಾರವೆಂದರೆ ಮೇಲಿನಿಂದ ಇಳಿಯುವುದು. ಈ ಆಟದಲ್ಲಾದರೋ ಸಾಮಾನ್ಯ ಮನುಷ್ಯನು ಗುಣಸಾಧನೆಯಿಂದ ಮೇಲೇರುತ್ತಾನೆ. ಹೆಸರು ವೈದಿಕರದಾದರೂ ಹಾದಿ ನಮ್ಮ ತೀರ್ಥಂಕರರ ಹಾದಿಗೆ ಹತ್ತಿರವಾಯಿತು ಎನ್ನಬಹುದು. ಎಂಟು ಗುಣಗಳು ಬಂದ ಬಗೆಯೂ ಸ್ವಾರಸ್ಯಕರ. ಸತ್ಯ, ಪ್ರೇಮ, ಧೈರ್ಯ ಎಂಬ ಮೂರೇ ಮೂಲತತ್ತ್ವಗಳು. ಒಂದೊಂದೇ ನಿಂತರೆ ಪ್ರಾಮಾಣಿಕತೆ, ಕರುಣೆ, ಶೌರ್ಯ. ಎರಡೆರಡು ಕೂಡಿದರೆ ನ್ಯಾಯ, ತ್ಯಾಗ, ಮರ್ಯಾದೆ. ಮೂರೂ ಸೇರಿದರೆ ಅಧ್ಯಾತ್ಮ. ಯಾವುದೂ ಸೇರದ ಎಂಟನೆಯದು ವಿನಯ. ಅಸ್ತಿ, ನಾಸ್ತಿ, ಅವಕ್ತವ್ಯ ಎಂಬ ಮೂರರಿಂದ ಏಳು ಭಂಗಗಳನ್ನು ತೆಗೆಯುವ ನಮ್ಮ ಸಪ್ತಭಂಗಿಯ ಗಣಿತವೂ ಇದೇ. ಗ್ಯಾರಿಯಟ್ಟನು ಸ್ಯಾದ್ವಾದವನ್ನು ಓದಿದ್ದನೆಂದು ನಾನು ಹೇಳುತ್ತಿಲ್ಲ. ಮೂರು ವಸ್ತುಗಳನ್ನು ಬೆರೆಸುವ ಲೆಕ್ಕ ಎಲ್ಲಿ ಮಾಡಿದರೂ ಒಂದೇ.

ವ್ಯಾಪಾರಿಯಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಆಟದ ಮೂಲಿಕೆಯ ಅಂಗಡಿ. ಮಂತ್ರಗಳಿಗೆ ಬೇಕಾದ ಬೇರು, ಗಂಧಕದ ಬೂದಿ ಮೊದಲಾದವು ಅಲ್ಲಿ ದೊರೆಯುತ್ತವೆ. (ಬೆಳ್ಳುಳ್ಳಿಯೂ ಇದೆ; ನಮ್ಮವರು ಅದೊಂದನ್ನು ಬಿಟ್ಟು ಕೊಳ್ಳಬೇಕು!) ಅಂಗಡಿಯವರು ಅಂಧರು. ಬೆಲೆ ಹೇಳುತ್ತಾರೆ; ಹಣವನ್ನು ನಾವೇ ಎಣಿಸಿ ಇಡಬೇಕು. ಒಂದೇ ನಾಣ್ಯವನ್ನಿಟ್ಟರೂ ಸರಕು ಕೈಗೆ ಬರುತ್ತದೆ, ಯಾರೂ ಬೈಯುವುದಿಲ್ಲ. ಆದರೆ ಒಳಗೆ ಎಲ್ಲಿಯೋ ಪ್ರಾಮಾಣಿಕತೆಯ ಲೆಕ್ಕದಿಂದ ಅಂಕ ಕಳೆಯುತ್ತದೆ. ಆ ಲೆಕ್ಕದ ಪುಸ್ತಕ ಆಟಗಾರನಿಗೆ ಕಾಣುವುದಿಲ್ಲ. ಕೇಡಿಲ್ಲದ ಪ್ರಾಣಿಯು ಓಡಿಹೋಗುವಾಗ ಬಿಟ್ಟುಕೊಟ್ಟರೆ ಕರುಣೆಗೆ ಅಂಕ ಸೇರುತ್ತದೆ. ದುಷ್ಟ ಮೃಗದೆದುರು ಬೆನ್ನು ತೋರಿದರೆ ಶೌರ್ಯಕ್ಕೆ ಕುಂದು. ಶ್ರಾವಕನಿಗೆ ವಿರೋಧೀ ಹಿಂಸೆ ಅನಿವಾರ್ಯವಾಗಬಹುದು, ಸಂಕಲ್ಪೀ ಹಿಂಸೆ ಸರ್ವಥಾ ವರ್ಜ್ಯ ಎಂಬ ನಮ್ಮ ಆಚಾರ್ಯರ ವಿಭಾಗವನ್ನು ಇದು ನೆನಪಿಗೆ ತರುತ್ತದೆ. ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯ ವ್ರತದ ಅತಿಚಾರಗಳಲ್ಲಿ ಎಣಿಸಿದೆ. ಅದನ್ನು ಎಳೆಯರಿಗೆ ಕಲಿಸಲು ಇದಕ್ಕಿಂತ ನೇರವಾದ ಪಾಠವನ್ನು ನಮ್ಮ ಪಾಠಶಾಲೆಯ ಪುಸ್ತಕಗಳಲ್ಲಿ ನಾನು ಕಂಡಿಲ್ಲ.

ಆದರೂ ಜನ್ನನ ಲೆಕ್ಕಕ್ಕೂ ಗ್ಯಾರಿಯಟ್ಟನ ಲೆಕ್ಕಕ್ಕೂ ಬಹಳ ಅಂತರವಿದೆ. ಯಂತ್ರವು ಇಟ್ಟ ನಾಣ್ಯಗಳನ್ನು ಎಣಿಸಬಲ್ಲದು; ಇಟ್ಟವನ ಭಾವವನ್ನು ಎಣಿಸಲಾರದು. ಹಿಂಸೆ ಮಾಡದಿದ್ದವನೂ ಹಿಂಸೆಯ ಫಲಕ್ಕೆ ಪಾತ್ರನಾಗಬಹುದು, ಮಾಡಿದವನೂ ಪಾತ್ರನಾಗದಿರಬಹುದು ಎಂದು ಅಮೃತಚಂದ್ರ ಸೂರಿಗಳು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ವಿವರಿಸಿರುವುದು ಇದನ್ನೇ. ಪದವಿ ದೊರೆಯಲೆಂದು ಕರುಣೆ ತೋರುವವನದು ನಿದಾನಶಲ್ಯ. ಕೊಲ್ಲುವುದರಲ್ಲಿಯೇ ಸುಖ ಕಾಣುವವನದು ಹಿಂಸಾನಂದವೆಂಬ ರೌದ್ರಧ್ಯಾನ. ಎದುರಿಗಿರುವುದು ಹಿಟ್ಟಿನ ಹುಂಜವಾದರೂ ಸರಿ, ಬೆಳಕಿನ ಚುಕ್ಕಿಯಾದರೂ ಸರಿ. ಆದ್ದರಿಂದ ಪಾಠಶಾಲೆಯ ಸಭೆಗೆ ನಾನು ಕೊಟ್ಟ ಸಲಹೆ ಇಷ್ಟೇ: ಠರಾವು ಬೇಡ, ಆಡುವ ಮಗುವಿನ ಪಕ್ಕದಲ್ಲಿ ಹಿರಿಯರೊಬ್ಬರು ಒಂದು ಗಂಟೆ ಕುಳಿತು, ಅದು ಯಾವುದಕ್ಕೆ ಹಿಗ್ಗುತ್ತದೆ ಎಂಬುದನ್ನು ನೋಡಲಿ. ಸಲಹೆ ಎಲ್ಲರಿಗೂ ರುಚಿಸಲಿಲ್ಲ. ವಿಷಯವನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ.

ನಾನೂ ಹಾಗೆಯೇ ಕುಳಿತೆ. ರಜೆಗೆ ಬಂದಿದ್ದ ಮೊಮ್ಮಗನು ಆ ಹಳೆಯ ಆಟವನ್ನು ತನ್ನ ಯಂತ್ರದಲ್ಲಿ ತೆರೆದು ತೋರಿಸಿದನು. ಮೂಲಿಕೆಯ ಅಂಗಡಿ ಬಂದಿತು. ಅವನು ಪೂರ್ತಿ ಬೆಲೆಯನ್ನು ಇಟ್ಟನು. ನನಗೆ ಸಂತೋಷವಾಯಿತು. ಏಕೆ ಪೂರ್ತಿ ಕೊಟ್ಟೆ ಎಂದು ಕೇಳಿದೆ.

"ಅವರಿಗೆ ಕಾಣದಿದ್ದರೂ ಆಟ ಎಣಿಸುತ್ತದಲ್ಲ ಅಜ್ಜ" ಎಂದನು.

ನಿದಾನಶಲ್ಯದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನಮ್ಮ ಅಂಗಡಿಯ ತಕ್ಕಡಿ ನೆನಪಾಯಿತು. ಅದಕ್ಕೂ ಗಡುವಿಗೆ ಸರಿಯಾಗಿ ಸರಕಾರದ ಮುದ್ರೆ ಬೀಳುತ್ತದೆ. ಆ ಮುದ್ರೆ ಇಲ್ಲದಿದ್ದ ಕಾಲದಲ್ಲಿ ನನ್ನ ಕೈ ಎಷ್ಟು ನೇರವಾಗಿರುತ್ತಿತ್ತೆಂದು ನಾನು ಎಂದೂ ಪರೀಕ್ಷಿಸಿಕೊಂಡವನಲ್ಲ. ಸುಮ್ಮನೆ, ಮುಂದೆ ಆಡು ಎಂದೆ.