ಪೆಟ್ಟಿನ ನಗೆಯಿಂದ ಮುಖದ ನಗೆಗೆ: 1898ರ ಚೆಕ್ ಮೂಕಿ ಹಾಸ್ಯಚಿತ್ರಗಳು

ಚೆಕ್ ಸಿನಿಮಾದ ಹಾಸ್ಯ ಹುಟ್ಟಿದ್ದು ಸ್ಟುಡಿಯೋದಲ್ಲಲ್ಲ, ವಸ್ತುಪ್ರದರ್ಶನದ ಜನಜಂಗುಳಿಯಲ್ಲಿ. 1898ರಲ್ಲಿ ಪ್ರಾಗ್‌ನಲ್ಲಿ ನಡೆದ ವಾಸ್ತುಶಿಲ್ಪ ಮತ್ತು ಎಂಜಿನಿಯರಿಂಗ್ ಪ್ರದರ್ಶನದಲ್ಲಿ ಯಾನ್ ಕ್ರಿಝೆನೆಟ್ಸ್ಕಿ (1868–1921) ತಾವೇ ತೆಗೆದ ಚಿತ್ರಗಳನ್ನು ತೋರಿಸಿದರು. ವೃತ್ತಿಯಲ್ಲಿ ವಾಸ್ತುಶಿಲ್ಪಿಯಾಗಿದ್ದ ಅವರಿಗೆ ಛಾಯಾಗ್ರಹಣದ ಹುಚ್ಚು. ಅವರ ಕೈಯಲ್ಲಿದ್ದುದು ಲ್ಯುಮಿಯೇರ್ ಸಹೋದರರ ಯಂತ್ರ: ಚಿತ್ರ ತೆಗೆಯಲು, ಪ್ರತಿ ಮಾಡಲು, ಪರದೆಗೆ ಬಿಡಲು ಅದೊಂದೇ ಸಾಕು. ಸುರುಳಿಯ ಉದ್ದ ಸುಮಾರು 17 ಮೀಟರ್. ಒಂದು ನಿಮಿಷದೊಳಗೆ ಕಥೆ ಮುಗಿಯಲೇಬೇಕು.

ಅಗ್ನಿಶಾಮಕ ದಳ, ಈಜುಕೊಳದಂಥ ವಾಸ್ತವ ದೃಶ್ಯಗಳ ನಡುವೆ ಮೂರು ನಟಿತ ಚಿತ್ರಗಳಿದ್ದವು. ಮೂರರಲ್ಲೂ ಪ್ರಾಗ್‌ನ ಕ್ಯಾಬರೆ ವೇದಿಕೆಯ ಹೆಸರಾಂತ ಹಾಸ್ಯಗಾರ ಯೋಸೆಫ್ ಶ್ವಾಬ್-ಮಾಲೊಸ್ಟ್ರಾನ್ಸ್ಕಿ (1860–1932) ಇದ್ದಾರೆ.

‘ಪ್ರದರ್ಶನದ ಸಾಸೇಜ್ ಮಾರಾಟಗಾರ ಮತ್ತು ಪೋಸ್ಟರ್ ಅಂಟಿಸುವವ’ ಚಿತ್ರದಲ್ಲಿ ಇಬ್ಬರು ದುಡಿಮೆಗಾರರು ಜಗಳಕ್ಕೆ ಬೀಳುತ್ತಾರೆ. 1895ರ ಲ್ಯುಮಿಯೇರ್ ಚಿತ್ರದಲ್ಲಿ ತೋಟಗಾರನ ಮುಖಕ್ಕೆ ನೀರು ಚಿಮ್ಮುತ್ತದೆ, ಕೀಟಲೆ ಮಾಡಿದ ಹುಡುಗನಿಗೆ ಪೆಟ್ಟು ಬೀಳುತ್ತದೆ. ಅದರ ನೆರಳು ಇಲ್ಲಿ ಇದ್ದೇ ಇದೆ. ಆದರೆ ಪ್ರಾಗ್‌ನ ಚಿತ್ರವನ್ನು ಬರೀ ಅನುಕರಣೆ ಎಂದು ತಳ್ಳಿಹಾಕುವುದು ಸರಿಯಲ್ಲ. ಪ್ರದರ್ಶನಕ್ಕೆ ಬಂದವರು ಹೊರಗೆ ಕಂಡಂಥ ಸಾಸೇಜ್‌ನವನನ್ನೇ ಒಳಗೆ ಪರದೆಯ ಮೇಲೂ ಕಂಡರು. ಆ ಪರಿಚಯವೇ ನಗೆಯ ಅರ್ಧ ಬಂಡವಾಳ.

ಇನ್ನೂ ದಿಟ್ಟವಾದದ್ದು ‘ನಗು ಮತ್ತು ಅಳು’. ಇಲ್ಲಿ ಎದುರಾಳಿಯಿಲ್ಲ, ಹೊಡೆದಾಟವಿಲ್ಲ. ಕ್ಯಾಮೆರಾ ಶ್ವಾಬ್ ಅವರ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಮುಖ ನಗುತ್ತದೆ, ಅಳುತ್ತದೆ, ಅಷ್ಟೇ. ಅಷ್ಟರಲ್ಲೇ ಕೆನ್ನೆ, ಹುಬ್ಬು, ತುಟಿಗಳೆಲ್ಲ ಕಥೆ ಹೇಳುವ ಹೊಣೆ ಹೊರುತ್ತವೆ. ದೂರದ ಸಾಲಿನಲ್ಲಿ ಕೂತ ಪ್ರೇಕ್ಷಕನಿಗೆ ರಂಗದ ಮೇಲೆ ಎಂದೂ ಇಷ್ಟು ಸಮೀಪದಿಂದ ಕಾಣದ ಮುಖಾಭಿನಯವಿದು. ಏಟು-ಬೀಳುವಿಕೆಗಳ ಪಟ್ಟಿಯಾಗಿಯೇ ಸ್ಲಾಪ್‌ಸ್ಟಿಕ್ ಚರಿತ್ರೆಯನ್ನು ಬರೆಯುವವರು ಈ ಕಿರುಚಿತ್ರಕ್ಕೆ ಜಾಗ ಕೊಡುವುದಿಲ್ಲ. ಅದು ದೊಡ್ಡ ಲೋಪ: ಏಟು ತಿಂದವನ ಮುಖ ನೋಡಿಯೇ ಪ್ರೇಕ್ಷಕ ನಗುವುದು, ಮತ್ತು ಆ ಮುಖವನ್ನು ಶ್ವಾಬ್ ಏಟಿನಿಂದ ಬೇರ್ಪಡಿಸಿ ತೋರಿಸಿದರು.

ಪ್ರಾಗ್‌ನ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಕ್ರಿಝೆನೆಟ್ಸ್ಕಿ ಚಿತ್ರಗಳನ್ನು ಡಿಜಿಟಲೀಕರಿಸಿ 2019ರಲ್ಲಿ ಹೊರತಂದಿತು. ನೈಟ್ರೇಟ್ ಫಿಲ್ಮಿನ ಗೀರು, ಕಲೆಗಳನ್ನು ಸಾರಾಸಗಟಾಗಿ ಅಳಿಸಿಹಾಕದೆ ಉಳಿಸಿಕೊಂಡಿದ್ದು ಸರಿಯಾದ ನಿರ್ಧಾರ. ಗೀರು ಒರೆಸುವ ಭರದಲ್ಲಿ ಹಣೆಯ ಒಂದು ಸುಕ್ಕು ಅಳಿದರೂ, ಅಭಿನಯವನ್ನು ಅಧ್ಯಯನ ಮಾಡುವವರಿಗೆ ಅದು ಸಾಕ್ಷ್ಯವನ್ನೇ ಕಳೆದುಕೊಂಡಂತೆ.